ಹಟ್ಟಿಗೂ ಐ.ಸಿ.ಯು.ಗೂ ಎಂತ ಸಂಬಂಧ?

"ಈ ಮದ್ದಿಗೆ ಈಗ ಉಣುಗು ಸಾಯುವುದೇ ಇಲ್ಲ ಮಾರಾಯ್ರೆ."

ಹಾಲಿನ ಸೊಸೈಟಿಯ ಜಗಲಿಯಲ್ಲಿ ಈ ಮಾತು ಕೇಳದವರು ನಮ್ಮ ಪೆರಾಬೆ, ಕುಂತೂರು, ಆಲಂಕಾರು ಕಡೆ ಇರಲಾರರು. ಡೆಲ್ಟಾಮೆತ್ರಿನ್ ಬಂದ ಹೊಸತರಲ್ಲಿ ಒಮ್ಮೆ ಬಳಿದರೆ ಸಾಕು, ದನದ ಕಿವಿ ಬುಡದಿಂದ ಉಣುಗು ಒಳ್ಳೆಮೆಣಸು ಉದುರಿದ ಹಾಗೆ ಉದುರುತ್ತಿತ್ತು. ಈಗ ಬಕೆಟಿಗೆ ಇನ್ನೊಂದು ಮುಚ್ಚಳ ಹೆಚ್ಚು ಹಾಕಿದರೂ ಅದು ಕೂತಲ್ಲೇ ಕೂತಿರುತ್ತದೆ. ಮದ್ದು ಹಾಳಾದ್ದಲ್ಲ. ಕಂಪೆನಿಯವ ನೀರು ಸೇರಿಸಿದ್ದೂ ಅಲ್ಲ. ಸಾವಿರ ಉಣುಗಿನಲ್ಲಿ ನಾಲ್ಕು ಹೇಗೋ ಬದುಕಿಕೊಂಡವು. ಆಮೇಲೆ ಮೊಟ್ಟೆ ಇಟ್ಟದ್ದು ಆ ನಾಲ್ಕೇ. ಕೆಲವು ವರ್ಷದಲ್ಲಿ ಹಟ್ಟಿ ತುಂಬಾ ಆ ನಾಲ್ಕರ ಸಂತಾನ.

ಇಷ್ಟು ಗೊತ್ತಿದ್ದವನಿಗೆ ದೊಡ್ಡಾಸ್ಪತ್ರೆಯ ಐ.ಸಿ.ಯು.ವಿನಲ್ಲಿ ಈಗ ಏನು ನಡೆಯುತ್ತಿದೆ ಎಂದು ತಿಳಿಯಲು ಡಾಕ್ಟರಿಕೆ ಓದಬೇಕಾಗಿಲ್ಲ. ಅಲ್ಲಿ ಉಣುಗಿನ ಬದಲು ಕಣ್ಣಿಗೆ ಕಾಣದ ರೋಗಾಣು. ಡೆಲ್ಟಾಮೆತ್ರಿನ್ ಬದಲು ಆಂಟಿಬಯೋಟಿಕ್. ಹಟ್ಟಿಯ ಬದಲು ನಮ್ಮದೇ ಮನೆಯವರ ಮೈ.

ಕೃಷಿ ಪತ್ರಿಕೆಯಲ್ಲಿ ಆಸ್ಪತ್ರೆ ಸುದ್ದಿ ಯಾಕೆ ಎಂದು ಕೇಳುವವರು ತಮ್ಮ ಊರಿನಿಂದ ಐ.ಸಿ.ಯು.ಗೆ ಹೋದವರು ಯಾರೆಲ್ಲ ಎಂದು ಒಮ್ಮೆ ಬೆರಳು ಮಡಚಿ ನೋಡಬೇಕು. ಕೊಳೆರೋಗಕ್ಕೆ ಮದ್ದು ಬಿಡುವಾಗ ಮರದಿಂದ ಬಿದ್ದವರು. ಸೊಪ್ಪು ತರಲು ಗುಡ್ಡೆಗೆ ಹೋದಾಗ ಹಾವು ಕಚ್ಚಿದವರು. ಮಳೆಗಾಲದಲ್ಲಿ ಬರಿಗಾಲಲ್ಲಿ ತೋಟದ ಕಣಿ ಬಿಡಿಸುತ್ತಾ ಇಲಿಜ್ವರ ಹತ್ತಿಸಿಕೊಂಡವರು. ಸಕ್ಕರೆ ಕಾಯಿಲೆಯಿಂದ ಕಾಲಿನ ಗಾಯ ಒಣಗದವರು. ಮೊದಲು ಕಡಬಕ್ಕೋ ಪುತ್ತೂರಿಗೋ, ಅಲ್ಲಿಂದ ಆಂಬುಲೆನ್ಸಿನಲ್ಲಿ ಮಂಗಳೂರಿಗೆ. ನಮ್ಮಲ್ಲಿಂದ ಸುಮಾರು 70 ಕಿಲೋಮೀಟರ್. ನಮ್ಮ ಕಸುಬೇ ನಮ್ಮನ್ನು ಅಲ್ಲಿಗೆ ಮುಟ್ಟಿಸುವಂಥದ್ದು.

ಇದರಲ್ಲಿ ಇಲಿಜ್ವರದ ವಿಷಯ ನೋಡಿ. ಅದರ ರೋಗಾಣು ಇವತ್ತಿಗೂ ಪೆನಿಸಿಲಿನ್, ಡಾಕ್ಸಿಸೈಕ್ಲಿನ್‌ನಂಥ ಹಳೇ, ಅಗ್ಗದ ಮದ್ದಿಗೆ ಬಗ್ಗುತ್ತದೆ. ತಡವಾಗಿ ಹೋದವರಿಗೆ ಕಿಡ್ನಿ ಕೈಕೊಟ್ಟು ಡಯಾಲಿಸಿಸ್, ವೆಂಟಿಲೇಟರ್ ಬೇಕಾಗುತ್ತದೆ. ಆಗಲೂ ಮೂಲ ಕಾಯಿಲೆ ಹತೋಟಿಗೆ ಬರಬಹುದು. ಆದರೆ ಮಲಗಿದ ಒಂದೆರಡು ವಾರದಲ್ಲಿ ಬೇರೊಂದು ಜ್ವರ ಹಿಡಿಯುತ್ತದೆ. ಊರಿನಿಂದ ಹೊತ್ತುಕೊಂಡು ಹೋದ ರೋಗ ಮದ್ದಿಗೆ ಬಗ್ಗುವಂಥದ್ದು. ಅಲ್ಲಿ ಹತ್ತಿಕೊಂಡದ್ದು ಬಗ್ಗದ್ದು.

ನಮ್ಮ ನೆರೆಕರೆಯ ಒಬ್ಬರಿಗೆ ಹೀಗೇ ಆಯಿತು. ಆಟಿ ತಿಂಗಳಲ್ಲಿ ಮರದಿಂದ ಬಿದ್ದರು, ಸೊಂಟದ ಮೂಳೆ ಮುರಿಯಿತು. ಆಪರೇಷನ್ ಚಂದ ಆಯಿತು. ಒಂಬತ್ತನೇ ದಿನಕ್ಕೆ ಚಳಿ ಜ್ವರ. ಮೂತ್ರ, ರಕ್ತ ತೆಗೆದು ಕಲ್ಚರಿಗೆ ಕಳಿಸಿದರು. ಯಾವ ರೋಗಾಣು, ಅದು ಯಾವ ಮದ್ದಿಗೆ ಸಾಯುತ್ತದೆ ಎಂದು ಲ್ಯಾಬಿನಲ್ಲಿ ಬೆಳೆಸಿ ನೋಡುವ ಪರೀಕ್ಷೆ ಅದು. ವರದಿಯಲ್ಲಿ ಉದ್ದಕ್ಕೆ ಮದ್ದಿನ ಹೆಸರುಗಳು, ಪ್ರತಿಯೊಂದರ ಎದುರು ಒಂದಕ್ಷರ. 'ಎಸ್' ಎಂದರೆ ಮದ್ದು ನಾಟುತ್ತದೆ, 'ಆರ್' ಎಂದರೆ ನಾಟುವುದಿಲ್ಲ. ಅವರ ಕಾಗದದಲ್ಲಿ ಮೇಲಿನಿಂದ ಕೆಳಗಿನವರೆಗೆ ಆರ್, ಆರ್, ಆರ್. ಅಡಿಯಲ್ಲಿ ಎರಡೇ ಎಸ್. ಜನ ಬದುಕಿ ಬಂದರು. ಎರಡು ವರ್ಷದ ಅಡಿಕೆ ಆ ಎರಡು ಎಸ್‌ಗೆ ಹೋಯಿತು.

ಡ್ರಿಪ್ ಪೈಪಿನೊಳಗಿನ ಲೋಳೆ

ಐ.ಸಿ.ಯು.ವಿನಲ್ಲೇ ಇದು ಯಾಕೆ ಹೆಚ್ಚು? ಹೊರಗಿನಿಂದ ನೋಡಿದರೆ ಅಷ್ಟು ಚೊಕ್ಕ ಜಾಗ ಬೇರೆ ಇಲ್ಲ. ಚಪ್ಪಲಿ ಹೊರಗಿಡಬೇಕು, ಗೌನು ಹಾಕಬೇಕು.

ಡ್ರಿಪ್ ಹಾಕಿಸಿದವರಿಗೆ ಇದು ಬೇಗ ತಲೆಗೆ ಹೋದೀತು. ಲ್ಯಾಟರಲ್ ಪೈಪನ್ನು ವರ್ಷಗಟ್ಟಲೆ ತೊಳೆಯದೆ ಬಿಟ್ಟರೆ ಒಳಗೆ ಎಂತ ಆಗುತ್ತದೆ? ಕೈಗೆ ಜಾರುವ ಲೋಳೆ. ಮೇಲಿಂದ ನೀರು ಹರಿದರೂ ಅದು ಹೋಗುವುದಿಲ್ಲ. ಕ್ಲೋರಿನ್ನೋ ಆಸಿಡ್ಡೋ ಹಾಕಿ, ತುದಿಯ ಮುಚ್ಚಳ ತೆಗೆದು ನೀರು ಬಿಟ್ಟರೆ ಮಾತ್ರ ಏಳುತ್ತದೆ. ಐ.ಸಿ.ಯು. ರೋಗಿಯ ಮೈಯಲ್ಲಿ ಅಂಥ ಪೈಪು ಮೂರು ನಾಲ್ಕು ಇರುತ್ತವೆ. ಗಂಟಲಿಗೆ ವೆಂಟಿಲೇಟರಿನದ್ದು, ಮೂತ್ರಕ್ಕೊಂದು, ಕುತ್ತಿಗೆಯ ರಕ್ತನಾಳಕ್ಕೊಂದು, ಮೂಗಿನಲ್ಲಿ ಗಂಜಿ ಕೊಡುವುದೊಂದು. ಎಲ್ಲದರ ಒಳಗೂ ರೋಗಾಣುಗಳು ಲೋಳೆ ಕಟ್ಟಿಕೊಂಡು ಕೂರುತ್ತವೆ. ರಕ್ತದಲ್ಲಿ ಹೋಗುವ ಮದ್ದು ಆ ಲೋಳೆಯೊಳಗೆ ಸರಿಯಾಗಿ ನುಗ್ಗುವುದಿಲ್ಲ. ಮನುಷ್ಯನಿಗೆ ಹಾಕಿದ ಪೈಪಿಗೆ ಆಸಿಡ್ ಬಿಡುವ ಹಾಗಿಲ್ಲ. ಅದನ್ನು ತೆಗೆಯುವುದೇ ದಾರಿ, ಬೇಗ ತೆಗೆದಷ್ಟು ಒಳ್ಳೆಯದು.

ಇನ್ನೊಂದು ದಾರಿ ಕೈ. ಒಬ್ಬ ರೋಗಿಯನ್ನು ಮಗ್ಗುಲು ಮಗುಚಿದ ಕೈ ತೊಳೆಯದೆ ಮುಂದಿನ ಹಾಸಿಗೆಗೆ ಹೋದರೆ ರೋಗಾಣುವಿಗೆ ಬಸ್ಸು ಸಿಕ್ಕಿದ ಹಾಗೆ. ಅಸಿನಟೋಬ್ಯಾಕ್ಟರ್ ಎಂಬ ಒಂದಿದೆ. ಒಣಗಿದ ಮಂಚದ ಕಂಬಿಯ ಮೇಲೂ ವಾರಗಟ್ಟಲೆ ಬದುಕಿರಬಲ್ಲದು. ವಿಯೆನ್ನಾದ ಹೆರಿಗೆ ಆಸ್ಪತ್ರೆಯಲ್ಲಿ ಸೆಮ್ಮೆಲ್‌ವೈಸ್ ಎಂಬ ವೈದ್ಯರು ಕೈ ತೊಳೆಯಿರಿ ಎಂದು ಹೇಳಿ ಸಹೋದ್ಯೋಗಿಗಳಿಂದ ಬೈಸಿಕೊಂಡದ್ದು 1847ರಲ್ಲಿ.

ನಮ್ಮ ದೇಶದ ಲೆಕ್ಕ ಇಲ್ಲಿದೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐ.ಸಿ.ಎಂ.ಆರ್.) ದೊಡ್ಡ ಆಸ್ಪತ್ರೆಗಳಿಂದ ಕಲ್ಚರ್ ವರದಿ ತರಿಸಿ ವರ್ಷ ವರ್ಷ ಪ್ರಕಟಿಸುತ್ತದೆ. ಕಾರ್ಬಪೆನೆಮ್ ಎಂಬುದು ಗಂಭೀರ ಸೋಂಕಿಗೆ ಕೊಡುವ ದುಬಾರಿ ಮದ್ದುಗಳ ಗುಂಪು. 2021ರಲ್ಲಿ ಅಸಿನಟೋಬ್ಯಾಕ್ಟರಿನಲ್ಲಿ 87.8 ಶೇಕಡ ಇದಕ್ಕೆ ಬಗ್ಗಲಿಲ್ಲ. ಇ. ಕೋಲಿ ಎಂದರೆ ನಮ್ಮೆಲ್ಲರ ಕರುಳಲ್ಲೂ ದನದ ಕರುಳಲ್ಲೂ ಇರುವ ಸಾಮಾನ್ಯ ಜೀವಿ. ಆ ಗುಂಪಿನ ಇಮಿಪೆನೆಮ್‌ಗೆ ಬಗ್ಗದ ಇ. ಕೋಲಿ 2016ರಲ್ಲಿ 14 ಶೇಕಡ ಇತ್ತು. ಐದೇ ವರ್ಷದಲ್ಲಿ 36 ಶೇಕಡ. ಕೊಳೆರೋಗದ ಮದ್ದು ಐದು ವರ್ಷದಲ್ಲಿ ಹೀಗೆ ಕೈಕೊಟ್ಟಿದ್ದರೆ ನಾವು ತಾಲೂಕು ಕಚೇರಿ ಎದುರು ಕೂರುತ್ತಿದ್ದೆವು.

ಕೋವಿಡ್ ಕಾಲದ ಇನ್ನೊಂದು ಲೆಕ್ಕ. 2020ರ ಜೂನ್‌ನಿಂದ ಆಗಸ್ಟ್‌ವರೆಗೆ ದೇಶದ ಹತ್ತು ಆಸ್ಪತ್ರೆಗಳಲ್ಲಿ ದಾಖಲಾದ 17,534 ಕೋವಿಡ್ ರೋಗಿಗಳ ವಿವರವನ್ನು ಇದೇ ಮಂಡಳಿಯವರು ನೋಡಿದರು. ಆಸ್ಪತ್ರೆಗೆ ಸೇರಿದ ಮೇಲೆ ಎರಡನೇ ಸೋಂಕು ಹಿಡಿದದ್ದು 3.6 ಶೇಕಡ ಜನರಿಗೆ ಮಾತ್ರ. ಒಟ್ಟು ರೋಗಿಗಳಲ್ಲಿ ತೀರಿಕೊಂಡವರು 10.6 ಶೇಕಡ. ಎರಡನೇ ಸೋಂಕು ಹಿಡಿದವರಲ್ಲಿ 56.7 ಶೇಕಡ. ಅರ್ಧಕ್ಕಿಂತ ಹೆಚ್ಚು!

ಕಸಿಕಡ್ಡಿ ಹಂಚಿಕೊಂಡ ಹಾಗೆ

ಉಣುಗಿನ ಹೋಲಿಕೆ ಇಲ್ಲಿಗೆ ಸಾಕು, ಮುಂದೆ ಅದು ಹಿಡಿಯುವುದಿಲ್ಲ. ಉಣುಗು ತನ್ನ ಗಟ್ಟಿತನವನ್ನು ತನ್ನ ಮರಿಗೆ ಮಾತ್ರ ಕೊಡಬಲ್ಲದು. ರೋಗಾಣು ಹಾಗಲ್ಲ. ಮದ್ದನ್ನು ಮುರಿಯುವ ಜೀನನ್ನು ಒಂದು ಸಣ್ಣ ಬಳೆಯಂಥ ತುಂಡಿನಲ್ಲಿ ಇಟ್ಟುಕೊಂಡು ಪಕ್ಕದವನಿಗೆ ದಾಟಿಸುತ್ತದೆ. ಪಕ್ಕದವ ಬೇರೆ ಜಾತಿಯವನಾದರೂ ಅಡ್ಡಿಯಿಲ್ಲ. ಒಳ್ಳೆ ಮಾವಿನ ಕಸಿಕಡ್ಡಿಯನ್ನು ನಾವು ನೆಂಟರಿಗೆ, ನೆಂಟರ ನೆಂಟರಿಗೆ ಹಂಚಿ ಎರಡು ವರ್ಷದಲ್ಲಿ ಮೂರು ತಾಲೂಕು ಮುಟ್ಟಿಸುವುದಿಲ್ಲವೇ? ಹಾಗೆ. ಕರುಳಿನ ಇ. ಕೋಲಿ ನಿರುಪದ್ರವಿಯಾಗಿಯೇ ಇದ್ದು, ತನ್ನ ಕಸಿಕಡ್ಡಿಯನ್ನು ಶ್ವಾಸಕೋಶ ಕೆಡಿಸುವ ಕ್ಲೆಬ್ಸಿಯೆಲ್ಲಾಕ್ಕೆ ಕೊಡಬಲ್ಲದು.

ಹೀಗೆ ಹೋದ ಕಡ್ಡಿ ಎಷ್ಟು ದೂರ ಮುಟ್ಟುತ್ತದೆ ಎಂಬುದಕ್ಕೆ ಎನ್.ಡಿ.ಎಂ.-1 ಸಾಕ್ಷಿ. ಭಾರತದ ಆಸ್ಪತ್ರೆಯಲ್ಲಿದ್ದು ಸ್ವೀಡನ್ನಿಗೆ ಮರಳಿದ ಒಬ್ಬರಲ್ಲಿ 2008ರಲ್ಲಿ ಇದು ಮೊದಲು ಸಿಕ್ಕಿತು. ಹೆಸರಿನಲ್ಲಿ 'ನ್ಯೂಡೆಲ್ಲಿ' ಸೇರಿಸಿದ್ದಕ್ಕೆ ದೆಹಲಿಯವರು ಕೆಂಡವಾದರು. 2010ರಲ್ಲಿ ಅದರದ್ದೇ ಜಗಳ. ಹೆಸರಿನ ಜಗಳ ಮುಗಿಯುವುದರೊಳಗೆ, 2011ರಲ್ಲಿ, ದೆಹಲಿಯ 50 ನಳ್ಳಿನೀರಿನ ಮಾದರಿಗಳಲ್ಲಿ ಎರಡರಲ್ಲಿ ಈ ಜೀನು ಇದ್ದದ್ದು ಪ್ರಕಟವಾಯಿತು. ರಸ್ತೆ ಬದಿ ನಿಂತ ನೀರಿನ 171 ಮಾದರಿಗಳಲ್ಲಿ 51ರಲ್ಲಿ. ಐ.ಸಿ.ಯು.ವಿನ ಬಾಗಿಲು ದಾಟಿ ಅದು ಎಂದೋ ಹೊರಗೆ ಬಂದಿತ್ತು.

ಇನ್ನು ಹಟ್ಟಿಯ ವಿಷಯ. ಕೊಲಿಸ್ಟಿನ್ ಎಂಬ ಒಂದು ಮದ್ದು ಇದೆ. ಕಿಡ್ನಿಗೆ ಪೆಟ್ಟು ಎಂದು ಡಾಕ್ಟರುಗಳು ಒಂದು ಕಾಲದಲ್ಲಿ ಮೂಲೆಗಿಟ್ಟದ್ದು. ಹೊಸತು ಯಾವುದೂ ನಾಟದೆ ಹೋದಾಗ ಧೂಳು ಕೊಡವಿ ಮತ್ತೆ ಹೊರತೆಗೆದರು. ಐ.ಸಿ.ಯು.ವಿನಲ್ಲಿ ಇದು ಹೆಚ್ಚುಕಡಿಮೆ ಕೊನೇ ಮದ್ದು. ಅದೇ ಕೊಲಿಸ್ಟಿನ್ನನ್ನು ಅದೇ ಹೊತ್ತಿಗೆ ಕೋಳಿ ಬೇಗ ತೂಕ ಬರಲಿ ಎಂದು ಆಹಾರಕ್ಕೆ ಬೆರೆಸುತ್ತಿದ್ದರು! ಚೀನಾದಲ್ಲಿ ಹಂದಿಗೆ ಹಾಕುತ್ತಿದ್ದರು. 2015ರ ನವೆಂಬರಿನಲ್ಲಿ ಅಲ್ಲಿಯ ವಿಜ್ಞಾನಿಗಳು ಹಂದಿಯಲ್ಲೂ ಮಾಂಸದಲ್ಲೂ ಆಸ್ಪತ್ರೆಯ ರೋಗಿಗಳಲ್ಲೂ ಒಂದೇ ಕಸಿಕಡ್ಡಿ ತೋರಿಸಿದರು, ಕೊಲಿಸ್ಟಿನ್ ನಾಟದ ಹಾಗೆ ಮಾಡುವಂಥದ್ದು. ಚೀನಾ 2017ರಲ್ಲಿ ಆಹಾರಕ್ಕೆ ಸೇರಿಸುವುದನ್ನು ನಿಲ್ಲಿಸಿತು. ಎರಡು ಮೂರು ವರ್ಷದಲ್ಲಿ ಹಂದಿಯಲ್ಲೂ ಜನರಲ್ಲೂ ಆ ಜೀನು ಇಳಿಯಿತು. ನಮ್ಮ ಕೇಂದ್ರ ಸರಕಾರ 2019ರ ಜುಲೈಯಲ್ಲಿ ಕೋಳಿ, ದನ, ಮೀನಿಗೆ ಕೊಲಿಸ್ಟಿನ್ ಮಾರುವುದನ್ನು ನಿಷೇಧಿಸಿತು.

ನನಗೆ ಈ ಚೀನಾದ ಕತೆಯಲ್ಲಿ ದೊಡ್ಡದಾಗಿ ಕಾಣುವುದು ಕೊನೆಯ ಭಾಗ. ಪ್ರಾಣಿಗೆ ಹಾಕುವುದು ನಿಲ್ಲಿಸಿದರೆ ಮನುಷ್ಯರಲ್ಲಿ ಇಳಿಯುತ್ತದೆ. ಹಾಗಾದರೆ ನಮ್ಮ ಕೈಯಲ್ಲೂ ಸ್ವಲ್ಪ ಇದೆ.

ಇಷ್ಟು ಬರೆದದ್ದಕ್ಕೆ "ಎಲ್ಲದಕ್ಕೂ ಕೃಷಿಕನೇ ಕಾರಣವಾ?" ಎಂದು ಯಾರಾದರೂ ಸಿಟ್ಟಾದರೆ ಅದು ನ್ಯಾಯವೇ. ಐ.ಸಿ.ಯು.ವಿನ ಗಟ್ಟಿ ರೋಗಾಣು ಬೆಳೆಯುವುದು ಮುಖ್ಯವಾಗಿ ಆಸ್ಪತ್ರೆಯೊಳಗಿನ ಬಳಕೆಯಿಂದ, ಆಮೇಲೆ ಮನುಷ್ಯರು ಸಿಕ್ಕಿದ್ದಕ್ಕೆಲ್ಲ ನುಂಗುವ ಮಾತ್ರೆಯಿಂದ. ನಿಮ್ಮ ಒಂದು ದನಕ್ಕೆ ಚುಚ್ಚಿದ ಇಂಜೆಕ್ಷನ್‌ನಿಂದ ಮಂಗಳೂರಿನಲ್ಲಿ ಒಬ್ಬರು ಸತ್ತರು ಎಂದು ನಾನು ಹೇಳುವುದಿಲ್ಲ. ಆದರೆ ಕೊಕ್ಕಡ, ಪಟ್ರಮೆ, ನಿಡ್ಲೆಯ ಗೇರು ಗುಡ್ಡೆಗಳ ಮೇಲೆ ಹೆಲಿಕಾಪ್ಟರಿನಿಂದ ಸುರಿದ ಎಂಡೋಸಲ್ಫಾನ್ ಗೇರುಮರದಲ್ಲೇ ನಿಲ್ಲಲಿಲ್ಲ ಎಂದು ಕಂಡವರು ನಾವು. ನಮ್ಮ ಪಾಲು ಎಷ್ಟು ಎಂದು ಜಗಳಾಡುವ ಮೊದಲು ನಮ್ಮ ಪಾಲಿನದ್ದನ್ನು ನೋಡಿಕೊಳ್ಳಬಹುದು.

ಯಾವುದೆಲ್ಲ ನಮ್ಮ ಪಾಲಿನದ್ದು? ಕೆಚ್ಚಲು ಬಾವಿಗೆ ಪಶುವೈದ್ಯರು ಐದು ದಿನಕ್ಕೆ ಹೇಳಿದ ಮದ್ದನ್ನು ಎರಡನೇ ದಿನ ಬಾತ ಇಳಿಯಿತೆಂದು ನಿಲ್ಲಿಸಿ, ಉಳಿದದ್ದನ್ನು ಮುಂದಿನ ಕರಾವಿಗೆ ಎತ್ತಿಡುವುದು. ಪೆನಿಸಿಲಿನ್ ಕಂಡುಹಿಡಿದ ಅಲೆಕ್ಸಾಂಡರ್ ಫ್ಲೆಮಿಂಗ್ 1945ರಲ್ಲಿ ನೊಬೆಲ್ ಪಡೆಯುವಾಗಲೇ, ಕಡಿಮೆ ಕೊಟ್ಟರೆ ರೋಗಾಣು ಸಾಯದೆ ಕಲಿತುಕೊಳ್ಳುತ್ತದೆ ಎಂದು ಎಚ್ಚರಿಸಿದ್ದರು. ಭತ್ತ, ವೀಳ್ಯದೆಲೆಗೆ ಸ್ಟ್ರೆಪ್ಟೋಸೈಕ್ಲಿನ್ ಪೊಟ್ಟಣ ಬೆರೆಸಿ ಹೊಡೆಯುವುದು ಇನ್ನೊಂದು. ಅದರಲ್ಲಿರುವುದು ಸ್ಟ್ರೆಪ್ಟೋಮೈಸಿನ್ ಮತ್ತು ಟೆಟ್ರಾಸೈಕ್ಲಿನ್, ಎರಡೂ ಮನುಷ್ಯರ ಮದ್ದು. ಮೊದಲಿನದ್ದು ಕ್ಷಯಕ್ಕೆ ಕೊಡುತ್ತಿದ್ದದ್ದು. ಇವನ್ನು ಬೆಳೆಗೆ ಬಳಸುವುದನ್ನು 2024ರ ಜನವರಿಯಿಂದ ಪೂರ್ತಿ ನಿಲ್ಲಿಸುವ ಕರಡು ಆದೇಶವನ್ನು ಕೇಂದ್ರ ಕೃಷಿ ಸಚಿವಾಲಯ 2021ರ ಡಿಸೆಂಬರಿನಲ್ಲೇ ಹೊರಡಿಸಿತ್ತು. ವೈರಸ್, ಶಿಲೀಂಧ್ರಕ್ಕೆ ಇದು ಏನೂ ಮಾಡುವುದಿಲ್ಲ. ಆದರೂ "ಇರಲಿ ಒಂದು" ಎಂದು ಬೋರ್ಡೋ ಜತೆ ಸೇರಿಸುವವರಿದ್ದಾರೆ. ಮೂರನೆಯದು ಕೋಳಿಗೊಬ್ಬರ. ಬ್ರಾಯ್ಲರ್ ಶೆಡ್ಡಿನಿಂದ ಲೋಡುಗಟ್ಟಲೆ ತಂದು ಹಸಿಯಾಗಿಯೇ ಅಡಿಕೆ ಬುಡಕ್ಕೆ ಹಾಕುವ ಬದಲು, ಸೊಪ್ಪು ತರಗೆಲೆ ಸೇರಿಸಿ ರಾಶಿ ಹಾಕಿ, ಕೈ ಇಡಲಾಗದಷ್ಟು ಬಿಸಿ ಏರಿ, ಮಗುಚಿ ಮತ್ತೆ ಬಿಸಿ ಏರಿ ತಣಿಯುವವರೆಗೆ ಬಿಟ್ಟರೆ ಅದರಲ್ಲಿನ ರೋಗಾಣು ಬಹುಪಾಲು ಸಾಯುತ್ತವೆ. ಗೊಬ್ಬರವೂ ಒಳ್ಳೆಯದಾಗುತ್ತದೆ.

ಕೆಚ್ಚಲು ಬಾವಿನ ಆರಂಭಕ್ಕೆ ರಾಷ್ಟ್ರೀಯ ಹೈನು ಅಭಿವೃದ್ಧಿ ಮಂಡಳಿ ಹೇಳಿಕೊಡುವ ನಾಟಿ ಮದ್ದೊಂದಿದೆ. ತಮಿಳುನಾಡಿನ ಪಶುವೈದ್ಯ ಪ್ರೊಫೆಸರ್ ಪುಣ್ಯಮೂರ್ತಿಯವರು ಹಳ್ಳಿಮದ್ದುಗಳನ್ನು ಪರೀಕ್ಷಿಸಿ ರೂಪಿಸಿದ್ದು. ಲೋಳೆಸರ 250 ಗ್ರಾಂ, ಅರಸಿನ ಪುಡಿ 50 ಗ್ರಾಂ, ಸುಣ್ಣ 15 ಗ್ರಾಂ. ಒಟ್ಟಿಗೆ ಅರೆದರೆ ಕೆಂಪಗಿನ ಮುದ್ದೆ. ಹಾಲು ಪೂರ್ತಿ ಕರೆದು, ಕೆಚ್ಚಲು ತೊಳೆದು, ಒಂದು ಹಿಡಿ ಮುದ್ದೆಯನ್ನು ನೀರಲ್ಲಿ ಕದಡಿ ಇಡೀ ಕೆಚ್ಚಲಿಗೆ ಬಳಿಯಬೇಕು. ದಿನಕ್ಕೆ ಎಂಟು ಹತ್ತು ಸಲ, ಐದು ದಿನ. ಇದು ಮೂರು ಕಾಸಿನ ಮದ್ದು, ಆದರೆ ಮೈಗಳ್ಳರಿಗೆ ಹೇಳಿದ್ದಲ್ಲ. ದನ ಹಿಂಡಿ ಬಿಟ್ಟರೆ, ಜ್ವರ ಬಂದರೆ, ಹಾಲಲ್ಲಿ ರಕ್ತ ಕಂಡರೆ ಅರೆಯುತ್ತಾ ಕೂರಬಾರದು, ಡಾಕ್ಟ್ರಿಗೆ ಫೋನು ಮಾಡಬೇಕು. ಅವರು ಆಂಟಿಬಯೋಟಿಕ್ ಕೊಟ್ಟರೆ ಹೇಳಿದಷ್ಟು ದಿನವೂ ಕೊಡಿಸಬೇಕು.

ಮನುಷ್ಯರ ಮಾತ್ರೆಗೂ ಇದೇ ಮಾತು. ಶೀತ, ಕೆಮ್ಮು, ಡೆಂಗಿಗೆ ಆಂಟಿಬಯೋಟಿಕ್ ಕೆಲಸ ಮಾಡುವುದಿಲ್ಲ, ಅವು ವೈರಸ್ಸಿನವು. ಸ್ಟ್ರಿಪ್ಪಿನ ಮೇಲೆ ಉದ್ದಕ್ಕೆ ಕೆಂಪು ಗೆರೆ ಇದ್ದರೆ ಅದು ಚೀಟಿ ಇಲ್ಲದೆ ಕೊಳ್ಳುವಂಥದ್ದಲ್ಲ. ಒಂದು ದಿನದ ಕೆಲಸ ಬಿಟ್ಟು, ಬಸ್ಸು ಹಿಡಿದು, ಟೋಕನ್ ತೆಗೆದು ಕೂರುವ ಕಷ್ಟಕ್ಕೆ ಜನ ಮೆಡಿಕಲಿನವರ ಹತ್ತಿರ ಮೂರು ಮಾತ್ರೆ ಕೇಳುತ್ತಾರೆ. ಅದು ನನಗೆ ಗೊತ್ತು. ಕಾನೂನು ಬಿಗಿ ಮಾಡಿದವರು ಹತ್ತಿರದಲ್ಲಿ ಡಾಕ್ಟರನ್ನೂ ಕೂರಿಸಬೇಕು. ಗಾಳಿಮುಖ ದಾಟಿದರೆ ಸಿಗುವ ಕೇರಳದಲ್ಲಿ 2018ರಿಂದಲೇ ಇದಕ್ಕೊಂದು ಕಾರ್ಯಯೋಜನೆ ಇದೆ. 2024ರಲ್ಲಿ ಚೀಟಿ ಇಲ್ಲದೆ ಮಾರುವ ಅಂಗಡಿಗಳ ಮೇಲೆ ದಾಳಿ ಶುರುವಾಯಿತು. ಮಾರಾಟ 20ರಿಂದ 30 ಶೇಕಡ ಇಳಿಯಿತೆಂದು ಅಲ್ಲಿಯ ಸರಕಾರ ಹೇಳಿಕೊಂಡಿದೆ. ಇಲ್ಲಿ ಯಾಕೆ ಆಗುವುದಿಲ್ಲ?

ಮನೆಯವರು ಯಾರಾದರೂ ಐ.ಸಿ.ಯು.ವಿನಲ್ಲಿದ್ದರೆ ಹೊರಗೆ ಕೂತವರು ಕೇಳಬಹುದಾದ ಮಾತು ಕೆಲವಿವೆ. ದಿನಾ ಬೆಳಿಗ್ಗೆ ಡಾಕ್ಟ್ರು ಸಿಕ್ಕಿದಾಗ, "ಮೂತ್ರದ ಪೈಪು ಇವತ್ತೂ ಬೇಕಾ, ತೆಗೆಯಬಹುದಾ?" ಎಂದು ಕೇಳಿ. ಮದ್ದು ಬದಲಿಸಿದರೆ, "ಕಲ್ಚರಿಗೆ ಕಳಿಸಿದ್ದೀರಾ, ವರದಿ ಎಂತ ಬಂತು?" ನೀವು ಒಳಗೆ ಹೋಗುವಾಗ, ಬರುವಾಗ ಹಾಸಿಗೆಯ ಬುಡದಲ್ಲಿರುವ ಬಾಟಲಿಯಿಂದ ಕೈ ಉಜ್ಜಿಕೊಳ್ಳಿ. ರೋಗಿಯನ್ನು ಮುಟ್ಟಬರುವವರನ್ನೂ ಕೇಳಬಹುದು. ಒಮ್ಮೆ ನಾನು ಒಂದು ಕಡೆ, ಹೆಸರು ಬೇಡ, "ಸಿಸ್ಟರ್, ಕೈ..." ಎಂದದ್ದಕ್ಕೆ ದೊಡ್ಡ ಕಣ್ಣು ಬಿಟ್ಟರು. ಕೈ ಮಾತ್ರ ಉಜ್ಜಿಕೊಂಡೇ ಬಂದರು. ಒಬ್ಬರು ನರ್ಸಿಗೆ ನಾಲ್ಕು ರೋಗಿ ಒಪ್ಪಿಸಿದರೆ ಅವರಾದರೂ ಎಷ್ಟು ಸಲ ತೊಳೆಯಬೇಕು ಎಂಬುದೂ ಇದೆ. ಅದು ಆಸ್ಪತ್ರೆ ನಡೆಸುವವರು ಉತ್ತರ ಹೇಳಬೇಕಾದ ಪ್ರಶ್ನೆ, ಅವರದ್ದಲ್ಲ.

ಹಾಲು ಚೆಲ್ಲುವವನಿಗೆ ಯಾರು ಕೊಡುವುದು?

ಕಡೆಗೆ ಉಳಿಯುವುದು ದುಡ್ಡಿನ ವಿಷಯ. ಆಂಟಿಬಯೋಟಿಕ್ ಕೊಟ್ಟ ದನದ ಹಾಲನ್ನು ಮದ್ದಿನ ಲೇಬಲಿನಲ್ಲಿ ಬರೆದಷ್ಟು ದಿನ ಸೊಸೈಟಿಗೆ ಹಾಕಬಾರದು ಎಂಬುದು ನಮಗೆಲ್ಲ ಗೊತ್ತು. ಕಾಯಿಸಿದರೆ ಮದ್ದಿನ ಅಂಶ ಪೂರ್ತಿ ಹೋಗುವುದಿಲ್ಲ ಎಂಬುದೂ ಗೊತ್ತು. ಹಾಕುವವರು ಹಾಕುತ್ತಾರೆ. ಕೆಟ್ಟವರೆಂದಲ್ಲ. ಒಂದೇ ದನ ಇದ್ದು, ದಿನಕ್ಕೆ ಎಂಟು ಲೀಟರ್ ಹಾಲಾದರೆ, ಐದು ದಿನಕ್ಕೆ 40 ಲೀಟರ್ ಚೆಲ್ಲಬೇಕು. ಹಿಂಡಿ ಬಾಕಿ ಹಾಗೇ ಇರುತ್ತದೆ. ಅದೇ ವಾರ ಡಾಕ್ಟ್ರ ಖರ್ಚು ಬೇರೆ. ಅಂಥವರಿಗೆ ಐ.ಸಿ.ಯು., ರೋಗಾಣು ಎಂದು ಭಾಷಣ ಮಾಡಿದರೆ ಹೊಟ್ಟೆ ತುಂಬುತ್ತದಾ?

ಸೊಸೈಟಿ ಲಾಭದಲ್ಲಿ ಬೋನಸ್ ಹಂಚುತ್ತದೆ, ಮಹಾಸಭೆಗೆ ಊಟ ಹಾಕುತ್ತದೆ. ಆ ಲಾಭದಿಂದ ಒಂದು ಸಣ್ಣ ನಿಧಿ ತೆಗೆದಿಡಲಿ. ಪಶುವೈದ್ಯರ ಚೀಟಿ ತಂದು ತೋರಿಸಿ ಹಾಲು ನಿಲ್ಲಿಸಿದವರಿಗೆ, ಅವರ ಹಿಂದಿನ ವಾರದ ಸರಾಸರಿ ನೋಡಿ, ಅರ್ಧ ಬೆಲೆಯನ್ನಾದರೂ ಕೊಡಲಿ. ವರ್ಷಕ್ಕೆ ಒಂದು ದನಕ್ಕೆ ಒಂದೇ ಸಲ ಎಂದು ಮಿತಿ ಹಾಕಿದರೆ ದುರುಪಯೋಗವೂ ಕಡಿಮೆ. ಚೀಟಿ ತರಬೇಕಾದ್ದರಿಂದ ಎತ್ತಿಟ್ಟ ಹಳೇ ಮದ್ದು ಚುಚ್ಚುವುದೂ ನಿಂತೀತು. ಇದಕ್ಕೆ ಬೆಂಗಳೂರಿನ ಆದೇಶ ಕಾಯಬೇಕಾಗಿಲ್ಲ ಎಂದು ನನ್ನ ಅಭಿಪ್ರಾಯ. ನಿರ್ದೇಶಕರು ಮನಸ್ಸು ಮಾಡಿ ಮಹಾಸಭೆಯಲ್ಲಿ ಒಂದು ನಿರ್ಣಯ ಮಾಡಿದರೆ ದಾರಿ ತೆರೆಯುತ್ತದೆ.

ಮಹಾಸಭೆ ಸಪ್ಟೆಂಬರಿನೊಳಗೆ ಆಗಬೇಕು. ನಮ್ಮ ಸೊಸೈಟಿಯ ಕಾರ್ಯದರ್ಶಿಯವರಿಗೆ, ಅಜೆಂಡಾದಲ್ಲಿ ಇದನ್ನು ಸೇರಿಸಬೇಕೆಂದು ಒಂದು ಕಾಗದ ಬರೆದು, ಹನ್ನೊಂದು ಸದಸ್ಯರ ಸಹಿ ಹಾಕಿಸಿ ಕೊಟ್ಟಿದ್ದೇನೆ. "ನೋಡುವ" ಎಂದಿದ್ದಾರೆ. ನಿಮ್ಮ ಸೊಸೈಟಿಯಲ್ಲಿ ಇಂಥ ವ್ಯವಸ್ಥೆ ಈಗಾಗಲೇ ಇದ್ದರೆ, ಅದು ಹೇಗೆ ನಡೆಯುತ್ತಿದೆ ಎಂದು ಪತ್ರಿಕೆಗೆ ನಾಲ್ಕು ಸಾಲು ಬರೆಯಿರಿ.